ಆಣೆ ಮಾಡದವಳ ಒಂದು ವೋಟು

ನಾನು ಕಸುಬಿನಿಂದ ದರ್ಜಿ, ಸ್ವಭಾವದಿಂದ ಜಗಳಗಂಟಿ. ಗ್ರಾಮ ಪಂಚಾಯತಿ ಸದಸ್ಯೆಯಾದದ್ದು ಆಮೇಲೆ, ಅದೂ ಐದೇ ವರ್ಷ. ಆ ಐದರಲ್ಲಿ ಅರ್ಧ ಕಾಲ ಊರಿನವರು ನನ್ನನ್ನು ಮಾತಿಗೆ ತಪ್ಪಿದವಳು ಎಂದು ಕರೆದರು. ನಾನು ತಪ್ಪಿರಲಿಲ್ಲ. ತಪ್ಪಿಲ್ಲವೆಂದು ತೋರಿಸುವುದು ಒಂದು ನಿಮಿಷದ ಕೆಲಸವಾಗಿತ್ತು, ಆದರೆ ಆ ಒಂದು ನಿಮಿಷದ ಕೆಲಸವನ್ನು ಮಾಡುವ ಹಾಗಿರಲಿಲ್ಲ.

ನಮ್ಮೂರು ಅಕ್ಕಿಆಲೂರಿನಿಂದ ಬಸ್ಸಿಗೆ ಕಾಲು ತಾಸು, ಬಸ್ಸು ಬಂದರೆ. ಬರದಿದ್ದರೆ ನನ್ನ ಗಂಡನ ಟಂಟಂ ಆಟೋ ಇದೆ. ಅದು ಹತ್ತು ಜನ ತುಂಬದೆ ಹೊರಡುವುದಿಲ್ಲ, ಹತ್ತು ಜನ ತುಂಬಿದ ಮೇಲೆ ಹೊರಡಲು ಅದಕ್ಕೆ ಆಗುವುದಿಲ್ಲ. ಊರಲ್ಲಿ ಕ್ರೈಸ್ತರ ಮನೆಗಳು ನಾಲ್ಕು. ನಮ್ಮ ಅಜ್ಜನ ಕಾಲದಿಂದ ನಾಲ್ಕೇ. ನಾಲ್ಕಕ್ಕೂ ಸೇರಿ ಒಂದು ಪ್ರಾರ್ಥನೆಯ ಕೋಣೆ, ಅದಕ್ಕೆ ತಗಡಿನ ಹೊದಿಕೆ. ಭಾನುವಾರ ಹಾನಗಲ್ಲಿನಿಂದ ಪಾಸ್ಟರು ಬೈಕಿನ ಮೇಲೆ ಬರುತ್ತಾರೆ. ಅವರು ಬೋಧನೆ ಮಾಡುವಾಗ ಮಳೆ ಹಿಡಿದರೆ ತಗಡಿನ ಸದ್ದಿನಲ್ಲಿ ಒಂದಕ್ಷರ ಕೇಳುವುದಿಲ್ಲ. ಅಂಥ ವಾರ ನಮ್ಮ ಮೇಲೆ ಜವಾಬ್ದಾರಿ ಕಡಿಮೆ.

ನಾಲ್ಕು ಮನೆಯ ವೋಟಿನಿಂದ ಯಾರೂ ಗೆಲ್ಲುವುದಿಲ್ಲ. ನಾನು ಗೆದ್ದದ್ದು ಬ್ಲೌಸಿನಿಂದ. ನಮ್ಮ ವಾರ್ಡಿನ ಎರಡೂ ಸೀಟು ಆ ಸಲ ಹೆಂಗಸರಿಗೆ ಬಂದಿದ್ದವು. ನನ್ನ ಕೈಯಲ್ಲಿ ಹೊಲಿಸಿಕೊಂಡವರೆಲ್ಲ ನನಗೆ ಹಾಕಿದರು. ಬಟ್ಟೆ ಕೊಟ್ಟು ಎರಡು ತಿಂಗಳಾಗಿ ಇನ್ನೂ ಹೊಲಿದು ಸಿಗದವರೂ ಹಾಕಿದರು; ನಾನು ಸೋತರೆ ಸಿಟ್ಟಿಗೆದ್ದು ಬಟ್ಟೆಯನ್ನೇ ಮರಳಿಸುವುದಿಲ್ಲವೆಂದು ಅವರಿಗೆ ಭಯವಿತ್ತಂತೆ.

ಇನ್ನೊಂದು ಸೀಟು ಗೆದ್ದವಳು ನನ್ನ ಎದುರು ಮನೆಯವಳು. ಅವಳಿಗೂ ನನಗೂ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಅವಳ ಬಚ್ಚಲ ನೀರು ನನ್ನ ಕಟ್ಟೆಯ ಮುಂದೆ ನಿಲ್ಲುತ್ತಿತ್ತು, ಕಾರಣ ಅಷ್ಟೇ. ಮಾತಿರಲಿಲ್ಲ ಎಂದರೆ ನೇರ ಮಾತಿರಲಿಲ್ಲ. ಅವಳು ತನ್ನ ಆಡಿಗೆ ಹೇಳುತ್ತಿದ್ದಳು, ನಾನು ನನ್ನ ಕೋಳಿಗೆ ಹೇಳುತ್ತಿದ್ದೆ. ಮಂದಿಯ ಮನೆಯ ಮುಂದೆ ಹೊಲಸು ಮಾಡುವವರಿಗೆ ನಾಚಿಕೆ ಇರುವುದಿಲ್ಲವೆಂದು ನಾನು ಕೋಳಿಗೆ ತಿಳಿಸಿದರೆ, ಹಗಲೆಲ್ಲ ಮಿಷಿನ್ನು ಗರಗರ ಅನ್ನಿಸಿ ಓಣಿಯವರ ತಲೆ ತಿನ್ನುವವರಿಗೂ ಇರುವುದಿಲ್ಲವೆಂದು ಅವಳು ಆಡಿಗೆ ತಿಳಿಸುವಳು. ಆಡು ಮತ್ತು ಕೋಳಿ ಮಾತ್ರ ಒಂದೇ ಕಡೆ ಮೇಯುತ್ತಿದ್ದವು.

ಪಂಚಾಯತಿಗೆ ಒಟ್ಟು ಹದಿಮೂರು ಜನ ಆರಿಸಿ ಬಂದೆವು. ಅಧ್ಯಕ್ಷ ಸ್ಥಾನವೂ ಹೆಂಗಸಿಗೇ ಬಂತು. ಅಕ್ಕಿಆಲೂರಿನಲ್ಲಿ ಅಕ್ಕಿ ಗಿರಣಿ ಇಟ್ಟಿರುವ ನಮ್ಮೂರ ದೊಡ್ಡ ಮನುಷ್ಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಗಿರಣಿ ಸಾಹುಕಾರ್ರು ಅನ್ನುತ್ತಾರೆ. ಅವರ ಹೆಂಡತಿ ಗೆದ್ದಿದ್ದರು, ಅವರೇ ಅಧ್ಯಕ್ಷರಾಗಬೇಕೆಂದು ಸಾಹುಕಾರರ ಆಸೆ. ಅವರಿಗೆ ಎದುರಾಗಿ ನಿಂತವಳು ಯಾರೆಂದರೆ ನನ್ನ ಎದುರು ಮನೆಯವಳು.

ಸಾಹುಕಾರರು ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, ಕತ್ತರಿಸಿಟ್ಟ ತೋಳುಗಳ ಪಕ್ಕ ಕುಳಿತು, ತಮ್ಮ ಹೆಂಡತಿಗೆ ವೋಟು ಹಾಕುವೆಯಾ ಎಂದು ಕೇಳಿದರು. ನಾನು ಹೂಂ ಎಂದೆ. ಅವರ ಹೆಂಡತಿ ಒಳ್ಳೆಯವರು, ನನ್ನ ಖಾಯಂ ಗಿರಾಕಿ, ಅದೆಲ್ಲ ನಿಜ. ಆದರೆ ನನ್ನ ಬಾಯಿಂದ ಹೂಂ ಬಂದದ್ದು ಬಚ್ಚಲ ನೀರು ನೆನಪಾಗಿ. ಎದುರು ಮನೆಯ ಆ ಹೆಂಗಸು ಅಧ್ಯಕ್ಷೆಯಾಗಿ ಕಾರಿನಲ್ಲಿ ಇಳಿಯುವುದನ್ನು ನಾನು ನನ್ನ ಕಟ್ಟೆಯ ಮೇಲೆ ಕುಳಿತು ನೋಡುವುದು ಸಾಧ್ಯವೇ ಇರಲಿಲ್ಲ.

ಅಧ್ಯಕ್ಷರ ಆಯ್ಕೆಗೆ ಮೊದಲು ಆಣೆ ಮಾಡಿಸುವುದು ನಮ್ಮ ಕಡೆ ಪದ್ಧತಿ. ಕಾನೂನಿನಲ್ಲಿ ಇಲ್ಲ, ಆದರೆ ಕಾನೂನಿಗಿಂತ ಇದನ್ನೇ ಜನ ಹೆಚ್ಚು ನಂಬುತ್ತಾರೆ. ಸಾಹುಕಾರರು ತಮ್ಮ ಕಡೆಗೆ ಹೂಂ ಅಂದಿದ್ದ ನಮ್ಮ ಏಳೂ ಜನರನ್ನು ಗಿರಣಿಗೆ ಕರೆಸಿದರು. ಭತ್ತದ ಚೀಲಗಳ ನಡುವೆ ಜಮಖಾನೆ ಹಾಸಿ, ಮುಂದೆ ಒಂದು ತಾಟಿಟ್ಟಿದ್ದರು. ತಾಟಿನಲ್ಲಿ ತೆಂಗಿನಕಾಯಿ, ಹಚ್ಚಿದ ದೀಪ, ದೇವರ ಗುಡಿಯಿಂದ ತಂದ ಭಂಡಾರ, ಅಂದರೆ ಅರಿಶಿನ ಪುಡಿ. ಒಬ್ಬೊಬ್ಬರೇ ಭಂಡಾರ ಮುಟ್ಟಿ, ಹಣೆಗೆ ಹಚ್ಚಿಕೊಂಡು, ಸಾಹುಕಾರರು ಹೇಳಿಕೊಟ್ಟಂತೆ ಹೇಳಬೇಕು: ಈ ಮಾತಿಗೆ ತಪ್ಪಿದರೆ ನನ್ನ ಮನೆಯ ದೀಪ ಆರಲಿ, ಹಾಲು-ಹೈನ ಬತ್ತಲಿ, ದೇವರು ನೋಡಿಕೊಳ್ಳಲಿ. ಸಾಹುಕಾರರ ಹೆಂಡತಿಯೂ ತನಗೆ ತಾನೇ ವೋಟು ಹಾಕಿಕೊಳ್ಳುವುದಾಗಿ ಆಣೆ ಮಾಡಿದರು. ಅವರಿಗೆ ನಗು ತಡೆಯಲಾಗಲಿಲ್ಲ, ಸಾಹುಕಾರರು ಗದರಿಸಿದ ಮೇಲೆ ಮತ್ತೊಮ್ಮೆ ಸರಿಯಾಗಿ ಮಾಡಿದರು.

ನನ್ನ ಸರದಿ ಬಂತು. ನನ್ನ ವಿಷಯದಲ್ಲಿ ಸಾಹುಕಾರರು ಬಹಳ ವಿಚಾರ ಮಾಡಿದ್ದರು. ನನಗೆ ಭಂಡಾರ ನಡೆಯುವುದಿಲ್ಲ, ನನ್ನ ದೇವರು ಬೇರೆ ಎಂದು ಗೌರವದಿಂದಲೇ ಹೇಳಿ, ಟವೆಲ್ಲಿನಲ್ಲಿ ಸುತ್ತಿದ್ದ ಒಂದು ದಪ್ಪ ಪುಸ್ತಕ ತೆಗೆದರು. ಕಪ್ಪು ರಟ್ಟು, ಹಾಳೆಯ ಅಂಚಿಗೆ ಕೆಂಪು ಬಣ್ಣ. ಹುಬ್ಬಳ್ಳಿಯಲ್ಲಿ ಓದುವ ತಮ್ಮ ತಂಗಿಯ ಮಗಳಿಂದ ತರಿಸಿದ್ದರಂತೆ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಚಪ್ಪಲಿ ಬಿಟ್ಟು, ನನ್ನ ಮುಂದೆ ಹಿಡಿದರು. ನಾನು ಹಾಳೆ ತಿರುವಿ ನೋಡಿದೆ. ಅದು ಇಂಗ್ಲಿಷ್ ಡಿಕ್ಷನರಿ. ಅದರ ಮೇಲೆ ಕೈ ಇಟ್ಟಿದ್ದರೆ ಅದರಲ್ಲಿರುವ ಅಷ್ಟೂ ಮಾತಿಗೆ ನಾನು ಬದ್ಧಳಾಗುತ್ತಿದ್ದೆ.

ನನಗೆ ನಗು ಬಂದರೂ ಅವರು ಪಟ್ಟ ಕಷ್ಟ ನೋಡಿ ಕರುಣೆಯೂ ಬಂತು. ಇದು ನಮ್ಮ ಪುಸ್ತಕ ಅಲ್ಲವೆಂದೆ. ನಮ್ಮ ಪುಸ್ತಕವೇ ಆಗಿದ್ದರೂ ನಾನು ಆಣೆ ಮಾಡುವಂತಿಲ್ಲ, ಹೌದು ಅನ್ನುವುದಿದ್ದರೆ ಬರೀ ಹೌದು ಅನ್ನಬೇಕು, ಇಲ್ಲ ಅನ್ನುವುದಿದ್ದರೆ ಬರೀ ಇಲ್ಲ ಅನ್ನಬೇಕು ಎಂದು ನಮಗೆ ಕಲಿಸಿದ್ದಾರೆ ಎಂದೆ. ಸಾಹುಕಾರರು ಅರ್ಥವಾಗದೆ ನನ್ನನ್ನೇ ನೋಡಿದರು. ಯಾವ ಧರ್ಮದ ಪುಸ್ತಕವಾದರೂ ತನ್ನ ಮೇಲೆ ಕೈ ಇಡಬೇಡ ಎಂದು ತಾನೇ ಹೇಳುತ್ತದೆಯೇ ಎಂದು ಕೇಳಿದರು. ಅದೇ ಹೇಳುತ್ತದೆ ಎಂದೆ. ಉಳಿದ ಆರು ಜನ ಸದಸ್ಯರು ಹಣೆಯ ಮೇಲೆ ಹಳದಿ ಹಚ್ಚಿಕೊಂಡು ಸಾಲಾಗಿ ಕುಳಿತು ನನ್ನನ್ನು ನೋಡುತ್ತಿದ್ದರು, ಪೂರ್ತಿ ತಪ್ಪಿಸಿಕೊಂಡವಳನ್ನು ನೋಡುವ ಹಾಗೆ.

ಕೊನೆಗೆ ಸಾಹುಕಾರರು, "ಹೂಂ ಅಂದಿದ್ದು ಹೂಂ ಏನು ಹಂಗಾರ?" ಎಂದರು.

"ಹೂಂ ರೀ," ಎಂದೆ.

ಅದಕ್ಕಿಂತ ಹೆಚ್ಚು ಏನೂ ಸಿಗುವುದಿಲ್ಲವೆಂದು ಅವರಿಗೆ ಗೊತ್ತಾಯಿತು. ಡಿಕ್ಷನರಿಯನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿ, ಅಷ್ಟೇ ಭಕ್ತಿಯಿಂದ ಒಳಗಿಟ್ಟರು.

ಆಯ್ಕೆಗೆ ಇನ್ನೂ ಮೂರು ದಿನವಿತ್ತು, ನಡುವೆ ಭಾನುವಾರ ಬಂತು. ಅವತ್ತು ಮಳೆ ಬರಲಿಲ್ಲ. ಪಾಸ್ಟರು ವೈರಿಯನ್ನು ಪ್ರೀತಿಸುವ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು, ಒಂದೊಂದಕ್ಷರವೂ ಕೇಳಿಸಿತು. ಪ್ರೀತಿ ಎಂದರೆ ಪ್ರಾರ್ಥನೆಯ ಕೋಣೆಯಲ್ಲಿ ಕಣ್ಣು ಮುಚ್ಚಿ ಕುಳಿತಾಗ ಬರುವಂಥದ್ದಲ್ಲ, ಸಂತೆಯಲ್ಲಿ, ಓಣಿಯಲ್ಲಿ, ಪಂಚಾಯತಿಯಲ್ಲಿ ತೋರಿಸುವಂಥದ್ದು ಎಂದರು. ಪಂಚಾಯತಿ ಎಂದಾಗ ನನ್ನ ಕಡೆಯೇ ನೋಡಿದರು ಅನಿಸಿತು. ನನ್ನ ಗಂಡ ಮೊಣಕೈಯಿಂದ ತಿವಿದ. ನನಗೆ ಮೈಯೆಲ್ಲ ಉರಿಯಿತು. ಬಚ್ಚಲ ನೀರು ಅವರ ಮನೆ ಮುಂದೆ ನಿಂತಿದ್ದರೆ ಪಾಸ್ಟರು ಏನು ಮಾಡುತ್ತಿದ್ದರೋ.

ಆದರೆ ಮನಸ್ಸಿಗೆ ತುರಿಕೆ ಹತ್ತಿತು. ಕೊಟ್ಟ ಮಾತು ಒಂದು ಕಡೆ, ವೈರಿಯ ಪ್ರೀತಿ ಇನ್ನೊಂದು ಕಡೆ. ಎರಡನ್ನೂ ಹೇಳಿದವನು ನಾವು ನಂಬುವ ಒಬ್ಬನೇ ಸ್ವಾಮಿ. ಬೈಕು ಹತ್ತುತ್ತಿದ್ದ ಪಾಸ್ಟರನ್ನು ತಡೆದು, ಮಾತು ಉಳಿಸಬೇಕೋ ಪ್ರೀತಿ ತೋರಿಸಬೇಕೋ ಎಂದು ಕೇಳಿದೆ. ಅವರು ಚಿಕ್ಕ ವಯಸ್ಸಿನವರು. ಹೆಲ್ಮೆಟ್ಟು ಹಾಕಿಕೊಂಡೇ ಬಹಳ ಹೊತ್ತು ವಿಚಾರ ಮಾಡಿ, ಪ್ರಾರ್ಥನೆ ಮಾಡಿ ಫೋನ್ ಮಾಡುತ್ತೇನೆ ಎಂದರು. ಅವರು ಮಾಡಿರಬಹುದು. ನಮ್ಮೂರಿನಲ್ಲಿ ಆ ಮೂರು ದಿನ ನೆಟ್‌ವರ್ಕ್ ಇರಲಿಲ್ಲ.

ನಾನೇ ತೀರ್ಮಾನಿಸಿದೆ. ಹೂಂ ಅಂದಿದ್ದೇನೆ, ಹೂಂ ಅಂದಲ್ಲಿಗೇ ಹಾಕುತ್ತೇನೆ. ಪ್ರೀತಿಯನ್ನು ಆಮೇಲೆ ನೋಡೋಣ. ಈ ತೀರ್ಮಾನ ನನಗೆ ಬಹಳ ಹಿತವಾಗಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಆಯ್ಕೆಯ ದಿನ ಪಂಚಾಯತಿಗೆ ಅಧಿಕಾರಿ ಬಂದರು. ಮರೆಯಲ್ಲಿ ಚೀಟಿಗೆ ಗುರುತು ಹಾಕಿ ಡಬ್ಬಿಯಲ್ಲಿ ಹಾಕಿದೆವು. ನಾನು ಸಾಹುಕಾರರ ಹೆಂಡತಿಗೇ ಹಾಕಿದೆ. ಎಣಿಸಿದಾಗ ಅವರಿಗೆ ಆರು, ಎದುರು ಮನೆಯವಳಿಗೆ ಏಳು.

ಹೊರಗೆ ಪಟಾಕಿ ಹಚ್ಚಿದರು. ನಮ್ಮ ಕಡೆಯವರು ಪಂಚಾಯತಿಯ ಗೇಟಿನ ಹತ್ತಿರ ನಿಂತರು. ಯಾರೋ ಒಬ್ಬರು ತಪ್ಪಿದ್ದಾರೆ. ಆರು ಜನ ಭಂಡಾರ ಮುಟ್ಟಿದವರು, ಒಬ್ಬಳು ಮುಟ್ಟದವಳು. ಇದಕ್ಕೆ ವಿಚಾರಣೆಯ ಅಗತ್ಯ ಯಾರಿಗೂ ಕಾಣಲಿಲ್ಲ. ಸಾಹುಕಾರರು ಅಷ್ಟು ಜನರ ಮುಂದೆ ನನ್ನನ್ನು ಕೇಳಿದರು. ನಿಮ್ಮ ಮನೆಯವರಿಗೇ ಹಾಕಿದ್ದೇನೆ ಎಂದೆ.

"ಹಂಗಾರ ಆಣಿ ಮಾಡು. ಇಲ್ಲೇ, ಈಗ. ನಿಮ್ಮ ದೇವರ ಮ್ಯಾಲ ಮಾಡು, ನಂಬತೇನಿ."

"ಆಣಿ ಮಾಡಂಗಿಲ್ರಿ. ಹಾಕೇನಿ ಅಂದ್ನೆಲ್ಲ."

"ನೋಡ್ರಿ," ಎಂದು ಅವರು ಉಳಿದವರ ಕಡೆ ತಿರುಗಿದರು. ಮತ್ತೇನೂ ಹೇಳಬೇಕಾಗಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನಲ್ಲಿ ಅವರ ಭಂಡಾರದ ಬಗ್ಗೆಯೂ ಡಿಕ್ಷನರಿಯ ಬಗ್ಗೆಯೂ ಆಡಬಾರದ ಮಾತು ಆಡಿದೆ, ಅದು ಇನ್ನಷ್ಟು ಕೆಡಿಸಿತು. ಮನೆಗೆ ಬಂದು ಅತ್ತುಬಿಟ್ಟೆ. ನನ್ನ ಗಂಡ ಪಕ್ಕ ಕುಳಿತು ಸಮಾಧಾನ ಹೇಳಿದ. ಒಂದೇ ಒಂದು ಸಲ ಆಣೆ ಮಾಡಿಬಿಟ್ಟರೆ ಏನಾಗುತ್ತದೆ, ನಿಜವನ್ನೇ ಹೇಳುವುದಲ್ಲವೇ, ನಮ್ಮ ಸ್ವಾಮಿಯ ಮನಸ್ಸು ದೊಡ್ಡದು, ನೋಡಿಯೂ ನೋಡದಂತೆ ಇರುತ್ತಾನೆ ಎಂದ. ನಾನು ಅವನಿಗೆ ಟಂಟಂ ತೊಳೆಯಲು ಹೋಗು ಎಂದೆ.

ಅಷ್ಟರಲ್ಲಿ ಬಾಗಿಲಲ್ಲಿ ಬಳೆ ಸದ್ದಾಯಿತು. ಎದುರು ಮನೆಯವಳು. ಕೈಯಲ್ಲಿ ಡಬ್ಬಿ, ಡಬ್ಬಿಯಲ್ಲಿ ಶೇಂಗಾ ಹೋಳಿಗೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು. ನಿನ್ನ ಮನಸ್ಸು ಹೀಗಿದೆಯೆಂದು ನನಗೆ ಗೊತ್ತಿರಲಿಲ್ಲ, ನಾನೇ ಬಚ್ಚಲ ನೀರಿನ ವಿಷಯದಲ್ಲಿ ಹಟ ಮಾಡಿದೆ ಎಂದು ಕಣ್ಣು ಒರೆಸಿಕೊಂಡಳು. ನಾನು ಆಗಲೇ ಹೇಳಿದೆ, ಡಬ್ಬಿ ತೆರೆಯುವುದಕ್ಕೂ ಮೊದಲು.

"ನಾ ನಿನಗ ಹಾಕಿಲ್ಲವ್ವ. ಸಾಹುಕಾರ್ರ ಮನಿಯಾಕಿಗೆ ಹಾಕೇನಿ."

ಅವಳು ಓಣಿಯ ಕಡೆ ಒಮ್ಮೆ ನೋಡಿ, ನನ್ನ ಕೈ ಒತ್ತಿದಳು. "ಗೊತ್ತೈತಿ ಬಿಡು. ಇಂಥಾದ್ದು ಬಾಯಿ ಬಿಟ್ಟು ಹೇಳಬಾರದು. ನಾನೂ ಯಾರ ಮುಂದೂ ಹೇಳಂಗಿಲ್ಲ."

ಅವಳ ಮುಂದೆ ಇದೇ ಮಾತನ್ನು ಬೇರೆ ಬೇರೆ ದಿನ ಮೂರು ಸಲ ಹೇಳಿದ್ದೇನೆ. ಪ್ರತಿ ಸಲವೂ ನನ್ನ ಮೇಲೆ ಅವಳಿಗೆ ಅಭಿಮಾನ ಹೆಚ್ಚಾಯಿತು. ಜೀವನದಲ್ಲಿ ಎಷ್ಟೋ ಸಣ್ಣಪುಟ್ಟ ಸುಳ್ಳು ಹೇಳಿದ್ದೇನೆ. ನಾಳೆ ಬ್ಲೌಸು ಕೊಡುತ್ತೇನೆ ಎಂದು ವಾರಕ್ಕೆ ಇಪ್ಪತ್ತು ಸಲ ಹೇಳುತ್ತೇನೆ, ಎಲ್ಲರೂ ನಂಬುತ್ತಾರೆ. ಈ ಒಂದು ನಿಜವನ್ನು ಮಾತ್ರ ಸೋತವರೂ ನಂಬಲಿಲ್ಲ, ಗೆದ್ದವರೂ ನಂಬಲಿಲ್ಲ.

ಆಮೇಲಿನ ದಿನಗಳು ಕಷ್ಟದವು. ಸಾಹುಕಾರರ ಕಡೆಯ ಓಣಿಗಳಿಂದ ಬಟ್ಟೆ ಬರುವುದು ನಿಂತಿತು. ಸಾಹುಕಾರರ ಹೆಂಡತಿ ಹೊಲಿಸಲು ಹಾನಗಲ್ಲಿಗೆ ಹೋಗತೊಡಗಿದರು. ಅಲ್ಲಿ ತೋಳು ಬಿಗಿಯಾಗಿ ಹೊಲಿಯುತ್ತಾರೆಂದು ಗೊಣಗಿದ್ದು ಕಿವಿಗೆ ಬಿತ್ತು. ದಾರಿಯಲ್ಲಿ ಸಿಕ್ಕರೆ ಸೆರಗು ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡುತ್ತಿದ್ದರು. ಅವರ ಗಂಡನ ಬೈಗುಳಕ್ಕಿಂತ ಅದು ಹೆಚ್ಚು ನೋಯಿಸಿತು. ನನ್ನ ಮಾತಿಗೆ ಬೆಲೆ ಇದೆ ಎಂದು ನಂಬಿಕೊಂಡು ಬದುಕಿದ್ದವಳು ನಾನು, ನಮ್ಮಪ್ಪ ನನಗೆ ಬಿಟ್ಟುಹೋದದ್ದು ಅದೊಂದನ್ನೇ. ಅದೇ ಹೋಯಿತಲ್ಲ ಎಂದು ಮಿಷಿನ್ನಿನ ಮುಂದೆ ಕುಳಿತು ಎಷ್ಟೋ ಸಲ ಸಂಕಟಪಟ್ಟಿದ್ದೇನೆ.

ಸುಮಾರು ಒಂದು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ನಮ್ಮ ಗುಂಪಿನ ಹಿರಿಯ ಸದಸ್ಯರೊಬ್ಬರು ಒಂದು ಹರಿದ ಕೈಚೀಲ ಹಿಡಿದುಕೊಂಡು ಬಂದರು. ಅರವತ್ತು ದಾಟಿದ ರೈತರು, ಬಿಳಿ ಟೊಪ್ಪಿಗೆ, ಮಾತು ಕಡಿಮೆ. ಸಭೆಯಲ್ಲಿ ಐದು ವರ್ಷಕ್ಕೆ ಐದು ಮಾತು ಆಡಿರಬಹುದು. ಚೀಲ ಹೊಲಿದು ಕೊಡು ಎಂದರು. ಹೊಲಿದು ಕೊಟ್ಟೆ. ಹೋಗಲಿಲ್ಲ. ಚಹಾ ಕೊಟ್ಟೆ. ಕುಡಿದರು, ಹೋಗಲಿಲ್ಲ. ಕೊನೆಗೆ ಬಾಗಿಲ ಕಡೆ ನೋಡಿ, ತಮ್ಮ ಎಮ್ಮೆ ಎಂಟು ದಿನದಿಂದ ಹಾಲು ಕೊಡುತ್ತಿಲ್ಲ ಎಂದರು.

ಹಾನಗಲ್ಲಿನಿಂದ ಡಾಕ್ಟರನ್ನು ಕರೆಸಿ ಎಂದೆ. ಡಾಕ್ಟರಿಂದ ಆಗುವಂಥದ್ದಲ್ಲ ಎಂದರು. ಗುಡಿಗೆ ಹೋಗಿ ಎಂದೆ. ಗುಡಿಗೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಅವರು ಕಣ್ಣು ತುಂಬಿಕೊಂಡಾಗ ನನಗೆ ಎಲ್ಲ ತಿಳಿಯಿತು. ಆಣೆಯಲ್ಲಿ ಹಾಲು-ಹೈನ ಬತ್ತಲಿ ಎಂದಿತ್ತಲ್ಲ, ಅದು ಲೆಕ್ಕ ತಪ್ಪದೆ ಬತ್ತಿತ್ತು.

ನಾನು ಎದ್ದು ನಿಂತೆ. ಕೈಯಲ್ಲಿ ಕತ್ತರಿ ಇತ್ತು. ಒಂದು ತಿಂಗಳು ನನ್ನ ಮಾನ ಹರಾಜಾಗಿದ್ದು ಈ ಟೊಪ್ಪಿಗೆಯವರಿಂದ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

ಅವರು ಹೇಳಿದ್ದು ಇಷ್ಟು. ಎರಡು ವರ್ಷದ ಹಿಂದೆ ಅವರ ಹೆಂಡತಿ ಹಿತ್ತಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಾಗ, ಎದುರು ಮನೆಯವಳು ಎರಡು ತಿಂಗಳು ದಿನಾ ರೊಟ್ಟಿ ಬಡಿದು ಕಳಿಸಿದ್ದಳು. ಯಾರಿಗೂ ಹೇಳಿರಲಿಲ್ಲ. ಗಿರಣಿಯಲ್ಲಿ ಎಲ್ಲರ ಮುಂದೆ ಇಲ್ಲ ಎನ್ನಲು ಧೈರ್ಯ ಸಾಲದೆ ಭಂಡಾರ ಮುಟ್ಟಿದ್ದರು. ಚೀಟಿ ಹಿಡಿದು ಮರೆಯಲ್ಲಿ ನಿಂತಾಗ ರೊಟ್ಟಿ ನೆನಪಾಯಿತು. ಕೈ ತಾನೇ ಆ ಕಡೆ ಹೋಯಿತು.

ನಾನು ಕುಳಿತುಬಿಟ್ಟೆ. ಎದುರಿನ ಆ ಬಾಗಿಲಿನಿಂದ ದಿನಾ ರೊಟ್ಟಿಯ ಬುಟ್ಟಿ ಹೊರಗೆ ಹೋಗುತ್ತಿದ್ದುದನ್ನು ನಾನೂ ನೋಡಿದ್ದೆ. ಮಾರಲು ಕಳಿಸುತ್ತಾಳೆಂದು ಕೋಳಿಗೆ ಅದರ ಬಗ್ಗೆಯೂ ಏನೋ ಹೇಳಿದ್ದೆ. ಈಗ ನಾಚಿಕೆಯಾಯಿತು. ಈ ಮುದುಕರು ಮಾತು ಮುರಿದಿದ್ದರು, ಮುರಿದದ್ದು ಒಬ್ಬಳ ಒಳ್ಳೆಯತನ ನೆನೆದು. ನಾನು ಮಾತು ಉಳಿಸಿದ್ದೆ, ಉಳಿಸಿದ್ದು ಒಬ್ಬಳ ಬಚ್ಚಲ ನೀರು ನೆನೆದು. ಭಾನುವಾರದ ಬೋಧನೆ ಕೇಳಿದ್ದು ನಾನು, ಅದರಂತೆ ನಡೆದದ್ದು ಅದನ್ನು ಕೇಳದ ಇವರು.

ಅವರು ಬಂದದ್ದು ಯಾಕೆಂದು ಆಗ ಹೇಳಿದರು. ತಮ್ಮ ದೇವರು ಸಿಟ್ಟಾಗಿದ್ದಾನೆ, ನನ್ನ ದೇವರಿಗೂ ಈ ವಿಷಯಕ್ಕೂ ಸಂಬಂಧವಿಲ್ಲ, ಅದಕ್ಕೇ ಅವನ ಹತ್ತಿರ ಎಮ್ಮೆಯ ಪರವಾಗಿ ಒಂದು ಮಾತು ಹಾಕಬೇಕು. ಮತ್ತೆ ಈ ವಿಷಯ ಯಾರಿಗೂ ಹೇಳಬಾರದು.

"ಯಾರಿಗೂ ಹೇಳಂಗಿಲ್ಲ ಅನ್ನು. ಆಣಿ ಬ್ಯಾಡವ್ವ, ಬರೇ ಅನ್ನು. ನಿನ್ನ ಮಾತು ನಂಬತೇನಿ."

ಇಡೀ ಊರಿನಲ್ಲಿ ನನ್ನ ಮಾತು ನಂಬುವ ಒಬ್ಬನೇ ಮನುಷ್ಯ ಸಿಕ್ಕಿದ್ದ, ಅವನು ಕೇಳಿದ್ದು ನಾನು ಬಾಯಿ ಮುಚ್ಚಿಕೊಂಡಿರಬೇಕೆಂದು. ಕತ್ತರಿ ಕೆಳಗಿಟ್ಟೆ. ಆಮೇಲೆ ಹೂಂ ಎಂದೆ. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಕಣ್ಣು ಮುಚ್ಚಿ ಎಮ್ಮೆಗಾಗಿ ಪ್ರಾರ್ಥನೆ ಮಾಡಿದೆ. ಎಮ್ಮೆಗೆ ಹೇಗೆ ಪ್ರಾರ್ಥಿಸುವುದೆಂದು ಯಾರೂ ಕಲಿಸಿರಲಿಲ್ಲ, ಕಾಯಿಲೆಯವರಿಗೆ ಮಾಡುವುದನ್ನೇ ಮಾಡಿದೆ. ಅದರ ಜೊತೆಗೆ ಡಾಕ್ಟರನ್ನೂ ಕರೆಸಿ ಎಂದು ಗದರಿಸಿ ಕಳಿಸಿದೆ. ಕೆಚ್ಚಲಿಗೆ ಬಾವು ಬಂದಿತ್ತಂತೆ, ಸೂಜಿ ಹಾಕಿದರು, ವಾರದಲ್ಲಿ ಹಾಲು ಇಳಿಯಿತು. ಡಾಕ್ಟರಿಗೆ ಫೀಸು ಕೊಟ್ಟರು, ನನಗೆ ಒಂದು ತಂಬಿಗೆ ಗಿಣ್ಣದ ಹಾಲು ಕಳಿಸುವುದಾಗಿ ಹರಕೆ ಹೊತ್ತರು. ಎಮ್ಮೆ ಈಯಲು ಇನ್ನೂ ಒಂದು ವರ್ಷವಿತ್ತು.

ಹೂಂ ಅಂದದ್ದು ಎಷ್ಟು ಭಾರವೆಂದು ಆಮೇಲೆ ಗೊತ್ತಾಯಿತು. ಗಂಡನಿಗೂ ಹೇಳುವಂತಿಲ್ಲ, ಅವನಿಗೆ ಹೇಳಿದರೆ ಟಂಟಂ ತುಂಬ ಗೊತ್ತಾಗುತ್ತದೆ. ಒಮ್ಮೆ ಒಂದು ಮದುವೆಯಲ್ಲಿ ಊಟದ ಸಾಲಿನಲ್ಲಿ ಸಾಹುಕಾರರ ಹೆಂಡತಿಯ ಪಕ್ಕದಲ್ಲೇ ಜಾಗ ಸಿಕ್ಕಿತು. ಅವರು ನನ್ನನ್ನು ನೋಡಿ ಎಲೆಯನ್ನು ಒಂದು ಗೇಣು ಆ ಕಡೆ ಸರಿಸಿಕೊಂಡರು. ಎದುರು ಸಾಲಿನಲ್ಲಿ ಬಿಳಿ ಟೊಪ್ಪಿಗೆಯವರು ಕುಳಿತಿದ್ದರು. ಹೆಸರು ನನ್ನ ನಾಲಿಗೆಯ ತುದಿಗೆ ಬಂತು. ಒಂದೇ ಹೆಸರು, ಹೇಳಿದರೆ ಎಲೆ ಮರಳಿ ಈ ಕಡೆ ಬರುತ್ತಿತ್ತು. ಟೊಪ್ಪಿಗೆಯವರು ಅನ್ನ ಕಲಸುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ಒಂದು ಹಪ್ಪಳವನ್ನು ಪೂರ್ತಿ ಬಾಯಿಗೆ ತುರುಕಿಕೊಂಡೆ. ಅದು ಮುಗಿಯುವಷ್ಟರಲ್ಲಿ ಧೈರ್ಯವೂ ಮುಗಿಯಿತು, ದೇವರ ದಯೆ.

ಈ ನಡುವೆ ಎದುರು ಮನೆಯವಳು ಅಧ್ಯಕ್ಷೆಯಾಗಿ ಮಾಡಿದ ಮೊದಲ ಕೆಲಸ ನಮ್ಮ ಓಣಿಯ ಗಟಾರ. ಹನ್ನೊಂದು ವರ್ಷ ನಿಂತಿದ್ದ ನೀರು ಹರಿದುಹೋಯಿತು. ನಾನು ಹಾಕದ ವೋಟಿಗೆ ಸಿಕ್ಕ ಗಟಾರವದು. ದಿನಾ ಬೆಳಿಗ್ಗೆ ಅದನ್ನು ದಾಟುವಾಗ ಮನಸ್ಸು ಚುಚ್ಚುತ್ತಿತ್ತು. ಆದರೆ ದಾಟದೆ ಹೊರಗೆ ಹೋಗಲು ಬೇರೆ ದಾರಿಯೂ ಇರಲಿಲ್ಲ. ಅವಳು ಕೆಟ್ಟ ಅಧ್ಯಕ್ಷೆಯೇನಲ್ಲ, ನಾನು ನೆನೆಸಿದ್ದಕ್ಕಿಂತ ಎಷ್ಟೋ ಒಳ್ಳೆಯವಳು. ಕಾರಿನಲ್ಲಿ ಬಂದು ಇಳಿದದ್ದು ಒಂದೇ ಸಲ, ಅವತ್ತೂ ಬಸ್ಸು ಬಂದಿರಲಿಲ್ಲ, ನನ್ನ ಗಂಡನ ಟಂಟಂ ತುಂಬಿರಲಿಲ್ಲ.

ಎರಡೂವರೆ ವರ್ಷಕ್ಕೆ ಅಧ್ಯಕ್ಷರು ಬದಲಾಗಬೇಕು. ಈ ಸಲ ಸ್ಥಾನ ಗಂಡಸರಿಗೂ ತೆರೆದಿತ್ತು. ಸಾಹುಕಾರರು ಮತ್ತೆ ತಮ್ಮ ಗುಂಪಿನ ಒಬ್ಬರನ್ನು ನಿಲ್ಲಿಸಿದರು. ನನ್ನನ್ನು ಕಂಡರಾಗದಿದ್ದರೂ ನಾನಿಲ್ಲದೆ ಏಳು ಆಗುವುದಿಲ್ಲ. ಗಿರಣಿಗೆ ಕರೆ ಬಂತು. ಅದೇ ಜಮಖಾನೆ, ಅದೇ ತಾಟು, ಅದೇ ಭಂಡಾರ. ಡಿಕ್ಷನರಿ ಮಾತ್ರ ಇರಲಿಲ್ಲ. ಸಾಹುಕಾರರ ಹೆಂಡತಿ ಚಹಾದ ಕಪ್ಪು ತುಂಬುತ್ತಿದ್ದರು, ನನಗೆ ಬೇರೆಯವರ ಕೈಯಿಂದ ಕೊಡಿಸಿದರು.

ಸಾಹುಕಾರರು ಮೊದಲು ನನ್ನಿಂದಲೇ ಶುರು ಮಾಡಿದರು. ಈ ಸಲ ಆಣೆ ಮಾಡದಿದ್ದರೆ ನಿನ್ನ ವೋಟೂ ಬೇಡ, ನೀನೂ ಬೇಡ, ಹೊರಗೆ ನಡೆ ಎಂದರು. ನಿಮ್ಮವರಿಗೆ ಹಾಕುತ್ತೇನೆ, ಆಣೆ ಮಾಡುವುದಿಲ್ಲ ಎಂದೆ. ಹೋದ ಸಲವೂ ಇದನ್ನೇ ಹೇಳಿದ್ದೆ ಎಂದರು. ಹೋದ ಸಲವೂ ಹಾಕಿದ್ದೆ ಎಂದೆ. ಯಾರೋ ನಕ್ಕರು. ನಾನು ಚಹಾದ ಕಪ್ಪು ಕೆಳಗಿಟ್ಟು, ಎದ್ದು ಚಪ್ಪಲಿ ಹುಡುಕತೊಡಗಿದೆ. ಅವತ್ತು ಸಿಟ್ಟು ಬರಲಿಲ್ಲ. ಸಾಕಾಗಿತ್ತು.

ಸಾಹುಕಾರರು ತಾಟನ್ನು ಬಿಳಿ ಟೊಪ್ಪಿಗೆಯವರ ಮುಂದೆ ಸರಿಸಿದರು. ಅವರು ಭಂಡಾರದ ಕಡೆ ನೋಡಿದರು, ನನ್ನ ಚಪ್ಪಲಿಯ ಕಡೆ ನೋಡಿದರು. ಕೈ ಮುಂದೆ ಮಾಡಲಿಲ್ಲ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರ ತಲೆ ಅಷ್ಟು ಬೋಳಾಗಿದೆಯೆಂದು ಅವತ್ತೇ ನೋಡಿದ್ದು.

"ಹೋದಸಲ ಆಣಿ ಮಾಡಿದಾವ ನಾನ್ರಿ. ತಪ್ಪಿದಾವನೂ ನಾನ ರೀ. ಆಕಿ ಆಣಿ ಮಾಡಲಿಲ್ಲ, ತಪ್ಪಲೂ ಇಲ್ಲ. ನನ್ನ ಸಲುವಾಗಿ ಬಾಯಿ ಮುಚಗೊಂಡ ಕುಂತಾಳ, ಎರಡೂವರಿ ವರ್ಷ." ತಾಟನ್ನು ಮರಳಿ ಸರಿಸಿ ಹೇಳಿದರು: "ಈಸಲ ನಾನೂ ಬರೇ ಹೂಂ ಅಂತೇನಿ. ಇರೂದ ಒಂದ ಎಮ್ಮಿ ರೀ ನನ್ನ ಕಡೆ."

ಹೊರಗೆ ಗಿರಣಿ ಓಡುತ್ತಿತ್ತು. ಸಾಹುಕಾರರ ಮುಖ ಕೆಂಪಗಾಯಿತು, ಆಮೇಲೆ ಮೊದಲಿನಂತಾಯಿತು. ಅವರು ಕ್ಷಮೆ ಕೇಳುವ ಪೈಕಿ ಅಲ್ಲ. ಬಗ್ಗಿ ತಾಟನ್ನು ಎತ್ತಿ ಭತ್ತದ ಚೀಲದ ಮೇಲಿಟ್ಟು, "ಚಪ್ಲಿ ಬಿಡು, ಚಹಾ ಆರಾಕತ್ತೇತಿ," ಎಂದು ನನಗೆ ಹೇಳಿದರು. ನಾನು ಕುಳಿತು ಕುಡಿದೆ. ಅರ್ಧ ಜಮಖಾನೆಗೆ ಹೋಯಿತು. ಅವತ್ತು ಯಾರಿಂದಲೂ ಆಣೆ ಮಾಡಿಸಲಿಲ್ಲ, ಒಬ್ಬೊಬ್ಬರನ್ನೇ ಹೂಂ ಏನು ಎಂದು ಕೇಳಿದರು. ಹೂಂ ಅಂದವರು ಏಳು, ಆಯ್ಕೆಯ ದಿನ ಡಬ್ಬಿಯಲ್ಲಿ ನಮ್ಮವರಿಗೆ ಬಿದ್ದ ವೋಟು ಎಂಟು. ಆ ಎಂಟನೆಯದು ಯಾರದೆಂದು ಸಾಹುಕಾರರು ಇನ್ನೂ ಹುಡುಕುತ್ತಿದ್ದಾರೆ.

ಗಿರಣಿಯಲ್ಲಿ ಆದ ಮಾತಿನ ಸುದ್ದಿ ಓಣಿಗೆ ನನಗಿಂತ ಮೊದಲೇ ಮುಟ್ಟಿತ್ತು. ಮರುದಿನ ಬೆಳಿಗ್ಗೆ ಎದುರು ಮನೆಯವಳು ಅಂಗಳದಲ್ಲಿ ಆಡಿನ ಹಗ್ಗ ಹಿಡಿದು ನಿಂತಿದ್ದಳು. ಈಗ ಆಡಿಗೆ ಶುರುವಾಗುತ್ತದೆ ಎಂದು ನಾನೂ ಕೋಳಿಯನ್ನು ಹುಡುಕಿದೆ. ಆದರೆ ಅವಳು ಹಗ್ಗ ಬಿಟ್ಟು ಗಟಾರ ದಾಟಿ ಬಂದಳು.

"ಹಂಗಾರ ಅಷ್ಟೂ ಹೋಳಿಗಿ ಸುಮ್ಮನ ತಿಂದಿ ನೀ."

"ಹೇಳೇ ತಿಂದೇನಿ," ಎಂದೆ. "ಮೂರ ಸಲ ಹೇಳೇನಿ."

ಅವಳು ಎಣಿಸಿ ನೋಡಿದಳು ಅನಿಸುತ್ತದೆ. ಆಮೇಲೆ ನನ್ನ ಕಟ್ಟೆಯ ಮೇಲೆ ಕುಳಿತು ನಕ್ಕಳು, ನಾನೂ ನಕ್ಕೆ. ನಗು ನಿಂತ ಮೇಲೆ ರೊಟ್ಟಿಯ ಬುಟ್ಟಿಯ ಬಗ್ಗೆ ಕೋಳಿಗೆ ಹೇಳಿದ್ದ ಮಾತನ್ನು ಅವಳಿಗೆ ಹೇಳಿ ತಪ್ಪಾಯಿತೆಂದೆ. ಅದು ಆಗಲೇ ಕೇಳಿಸಿತ್ತು ಎಂದಳು.

ಅವಳು ಎದ್ದು ಹೋಗುವಷ್ಟರಲ್ಲಿ ಓಣಿಯ ತುದಿಯಲ್ಲಿ ಸಾಹುಕಾರರ ಹೆಂಡತಿ ಬರುತ್ತಿದ್ದರು. ಕೈಯಲ್ಲಿ ಬಟ್ಟೆಯ ಗಂಟು. ಕಟ್ಟೆ ಹತ್ತಲಿಲ್ಲ, ಬಾಗಿಲ ಹತ್ತಿರ ನಿಂತು ಸೆರಗು ಸರಿಮಾಡಿಕೊಂಡರು. ಎರಡೂವರೆ ವರ್ಷದಲ್ಲಿ ಸ್ವಲ್ಪ ದಪ್ಪಗಾಗಿದ್ದರು, ಹಾನಗಲ್ಲಿನ ತೋಳು ರಟ್ಟೆಗೆ ಬಿಗಿದು ಗೆರೆ ಮೂಡಿತ್ತು. ನನ್ನ ಮುಖವನ್ನೇ ನೋಡಿ ಕೇಳಿದರು, "ನನ್ನ ಅಳತಿ ಐತೇನ್ ಇನ್ನಾ ನಿನ್ನ ಕಡೆ?"

"ಐತ್ರಿ," ಎಂದೆ.

ಅಳತೆಯ ವಹಿ ಒಳಗೆ ಕಪಾಟಿನಲ್ಲಿತ್ತು. ತೆಗೆದು ತೋರಿಸಲು ತಿರುಗಿದೆ. ಅವರು ಬೇಡವೆಂದು ಕೈ ಮಾಡಿ, ಗಂಟನ್ನು ಮಿಷಿನ್ನಿನ ಮೇಲಿಟ್ಟು ಹೊರಟುಹೋದರು.